ಸಣ್ಣ ಸೋಡಾ ಘಟಕಗಳಲ್ಲಿ ಬಾಟಲಿ ತುಂಬುವಿಕೆ: ಸಲಕರಣೆಗಳ ಅವಘಡಗಳು ಮತ್ತು ಸುಲಭ ವಿಧಾನಗಳು

ಬೇಸಿಗೆಯ ನಾಲ್ಕು ತಿಂಗಳುಗಳೇ ಸೋಡಾ ಹಾಗೂ ತಂಪು ಪಾನೀಯ ತಯಾರಿಸುವ ಸಣ್ಣ ಘಟಕಗಳ ಪಾಲಿಗೆ ಸುಗ್ಗಿಯ ಕಾಲ. ಅವಘಡಗಳು ಹೆಚ್ಚಾಗಿ ಸಂಭವಿಸುವುದೂ ಇದೇ ತಿಂಗಳುಗಳಲ್ಲಿ. ಬೇಡಿಕೆಯ ಒತ್ತಡದಲ್ಲಿ ಯಂತ್ರಗಳಿಗೆ ವಿರಾಮವಿರುವುದಿಲ್ಲ, ಹಿಂದಿರುಗಿ ಬಂದ ಬಾಟಲಿಗಳನ್ನು ಸರಿಯಾಗಿ ಪರೀಕ್ಷಿಸಲು ಸಮಯ ದೊರೆಯುವುದಿಲ್ಲ, ನೀರು ತಣ್ಣಗಾಗುವವರೆಗೆ ಕಾಯುವ ತಾಳ್ಮೆಯೂ ಉಳಿದಿರುವುದಿಲ್ಲ. ಇದರ ಪರಿಣಾಮವಾಗಿ ಬಾಟಲಿ ಸಿಡಿಯುವುದು, ಅನಿಲ ಸೋರಿ ಸೋಡಾ ಸಪ್ಪೆಯಾಗುವುದು, ನೊರೆ ಉಕ್ಕಿ ಪಾಕ ಚೆಲ್ಲುವುದು ಮುಂತಾದ ತೊಂದರೆಗಳು ಎದುರಾಗುತ್ತವೆ. ಇವುಗಳಲ್ಲಿ ಕೆಲವು ಕೇವಲ ಹಣದ ನಷ್ಟವಾದರೆ, ಕೆಲವು ಕಾರ್ಮಿಕನ ಕಣ್ಣಿಗೇ ಎರವಾಗಬಲ್ಲವು.

ಗೋಲಿ ಸೋಡಾಕ್ಕೆ ಈಚಿನ ವರ್ಷಗಳಲ್ಲಿ ಮತ್ತೆ ಬೇಡಿಕೆ ಕುದುರಿದೆ. ಅಮೆರಿಕ, ಬ್ರಿಟನ್ ಹಾಗೂ ಕೊಲ್ಲಿ ರಾಷ್ಟ್ರಗಳಿಗೆ ಅದರ ರಫ್ತು ಆರಂಭವಾಗಿರುವುದನ್ನು ಕೇಂದ್ರ ವಾಣಿಜ್ಯ ಸಚಿವಾಲಯವು 2025ರಲ್ಲಿ ಪ್ರಕಟಿಸಿತು. ಜೀರಾ ಸೋಡಾ, ಶುಂಠಿ ಸೋಡಾ, ಪನ್ನೀರು ಸೋಡಾಗಳಿಗೂ ಊರೂರಿನಲ್ಲಿ ಗಿರಾಕಿಗಳಿದ್ದಾರೆ. ಇಂತಹ ಸಂದರ್ಭದಲ್ಲಿ ಹೆಚ್ಚಿನ ಬಂಡವಾಳವಿಲ್ಲದೆಯೇ ಅವಘಡಗಳನ್ನು ತಗ್ಗಿಸುವ ವಿಧಾನಗಳನ್ನು ತಿಳಿದುಕೊಳ್ಳುವುದು ನಮ್ಮ ಉದ್ಯಮಿಗಳಿಗೆ ಪ್ರಯೋಜನಕಾರಿಯಾದೀತು.

ಅನಿಲ ಮತ್ತು ಉಷ್ಣತೆ

ಸೋಡಾ ಘಟಕದ ಬಹುಪಾಲು ತೊಂದರೆಗಳ ಮೂಲ ಒಂದೇ. ನೀರು ತಣ್ಣಗಿದ್ದಷ್ಟೂ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೆಚ್ಚಾಗಿ ಕರಗಿಸಿಕೊಳ್ಳುತ್ತದೆ. ಬಿಸಿಯಾದಂತೆಲ್ಲ ಅದನ್ನು ಹೊರಹಾಕುತ್ತದೆ. ಸಾಧಾರಣ ವಾಯುಭಾರದಲ್ಲಿ 0 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಅನಿಲವನ್ನು ಹಿಡಿದುಕೊಂಡರೆ, 20 ಡಿಗ್ರಿಯಲ್ಲಿ ಅದರ ಅರ್ಧದಷ್ಟನ್ನು, 40 ಡಿಗ್ರಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಅನಿಲವನ್ನು ಮಾತ್ರ ಹಿಡಿದುಕೊಳ್ಳಬಲ್ಲದು.

ಒಂದು ಲೀಟರ್ ಸೋಡಾದಲ್ಲಿ ನಾಲ್ಕು ಲೀಟರ್ ಅನಿಲ ಕರಗಿದ್ದರೆ ಅದನ್ನು ವ್ಯಾಪಾರದ ಭಾಷೆಯಲ್ಲಿ ‘ನಾಲ್ಕು ವಾಲ್ಯೂಮ್’ ಎನ್ನುತ್ತಾರೆ. ಖಾರವಾದ ಸೋಡಾಕ್ಕೆ ಹೆಚ್ಚುಕಡಿಮೆ ಇಷ್ಟು ಅನಿಲ ಬೇಕು. ಹೀಗೆ ತುಂಬಿದ ಬಾಟಲಿಯು 5 ಡಿಗ್ರಿಯಲ್ಲಿರುವಾಗ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2 ಕಿ.ಗ್ರಾಂ. ಅದೇ ಬಾಟಲಿ 30 ಡಿಗ್ರಿಗೆ ಬಂದಾಗ ಒತ್ತಡ ಸುಮಾರು 5 ಕಿ.ಗ್ರಾಂ.ಗೂ, 40 ಡಿಗ್ರಿಗೆ ಬಂದಾಗ ಸುಮಾರು 6.5 ಕಿ.ಗ್ರಾಂ.ಗೂ ಏರುತ್ತದೆ. ಅಂದರೆ ತುಂಬುವ ಕೊಠಡಿಯಲ್ಲಿ ಸುರಕ್ಷಿತವಾಗಿದ್ದ ಬಾಟಲಿ, ಅಂಗಡಿಯ ಮುಂದಿನ ಬಿಸಿಲಿನಲ್ಲಿ ಮೂರು ಪಟ್ಟಿಗೂ ಮೀರಿದ ಒತ್ತಡವನ್ನು ತಾಳಬೇಕಾಗುತ್ತದೆ. ಬಾಟಲಿಯ ಗಾಜಿನಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಅದು ಒಡೆಯುವುದು ಘಟಕದಲ್ಲಲ್ಲ, ಗಿರಾಕಿಯ ಕೈಯಲ್ಲಿ.

ನೊರೆ ಉಕ್ಕುವುದೇಕೆ?

ತುಂಬುವಾಗ ನೊರೆ ಉಕ್ಕಿದರೆ ಕೆಲಸಗಾರರು ಸಾಮಾನ್ಯವಾಗಿ ಅನಿಲದ ಒತ್ತಡ ಹೆಚ್ಚಾಯಿತೆಂದು ತಿಳಿದು ಅದನ್ನು ತಗ್ಗಿಸುತ್ತಾರೆ. ಆಗ ನೊರೆಯೇನೋ ನಿಲ್ಲುತ್ತದೆ, ಆದರೆ ಸೋಡಾ ಸಪ್ಪೆಯಾಗುತ್ತದೆ. ನಿಜವಾದ ಕಾರಣಗಳು ಬಹುತೇಕ ಬೇರೆಯೇ ಆಗಿರುತ್ತವೆ. ನೀರು ಅಥವಾ ಪಾಕ ಬೆಚ್ಚಗಿರುವುದು ಮೊದಲನೆಯದು. ಬಾಟಲಿಯ ಒಳಮೈಯಲ್ಲಿ ಧೂಳು, ಸುಣ್ಣದ ಪೊರೆ ಅಥವಾ ಗೀರುಗಳಿರುವುದು ಎರಡನೆಯದು. ಕರಗಿದ ಅನಿಲವು ಇಂತಹ ಒರಟು ಜಾಗಗಳಲ್ಲಿಯೇ ಗುಳ್ಳೆಗಟ್ಟಲು ಆರಂಭಿಸುತ್ತದೆ. ಪಾಕದಲ್ಲಿ ಸಕ್ಕರೆ ಪೂರ್ಣವಾಗಿ ಕರಗದೆ ಹರಳು ಉಳಿದಿರುವುದು ಮೂರನೆಯದು. ನೀರಿನಲ್ಲಿ ಗಾಳಿ ಸೇರಿಕೊಂಡಿರುವುದು ನಾಲ್ಕನೆಯದು. ತುಂಬಿದ ಕೂಡಲೇ ಒತ್ತಡವನ್ನು ಒಮ್ಮೆಲೇ ಬಿಡುಗಡೆ ಮಾಡುವುದು ಐದನೆಯದು.

ಇದಕ್ಕೆ ಪರಿಹಾರ ಸುಲಭ. ನೀರನ್ನೂ ಪಾಕವನ್ನೂ ಹಿಂದಿನ ರಾತ್ರಿಯೇ ಶೋಧಿಸಿ 5 ಡಿಗ್ರಿಯ ಆಸುಪಾಸಿಗೆ ತಣ್ಣಗಾಗಿಸಬೇಕು. ಪಾಕವನ್ನು ಬಿಸಿ ಮಾಡಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿದ ನಂತರವೇ ಬಳಸಬೇಕು. ನೀರು ಗಡುಸಾಗಿರುವ ಊರುಗಳಲ್ಲಿ ಮೆದುಗೊಳಿಸುವ ಸಾಧನವನ್ನು ಅಳವಡಿಸಿದರೆ ಬಾಟಲಿಯ ಮೇಲೂ ಯಂತ್ರದ ನಳಿಕೆಗಳ ಮೇಲೂ ಸುಣ್ಣ ಕಟ್ಟುವುದು ತಪ್ಪುತ್ತದೆ.

ಅನಿಲ ಬೆರೆತ ನೀರನ್ನು ತೊಟ್ಟಿಯಿಂದ ಬಾಟಲಿಗೆ ತುಂಬುವ ಘಟಕಗಳು ‘ಸಮ ಒತ್ತಡ’ದ ವಿಧಾನವನ್ನು ಅನುಸರಿಸುವುದು ಒಳ್ಳೆಯದು. ಖಾಲಿ ಬಾಟಲಿಯೊಳಗೆ ಮೊದಲು ಅನಿಲವನ್ನು ಹಾಯಿಸಿ, ತೊಟ್ಟಿಯಲ್ಲಿರುವಷ್ಟೇ ಒತ್ತಡವನ್ನು ಉಂಟುಮಾಡಲಾಗುತ್ತದೆ. ಎರಡೂ ಕಡೆ ಒತ್ತಡ ಸಮನಾದಾಗ ಪಾನೀಯವು ತನ್ನ ಭಾರದಿಂದಲೇ ಶಾಂತವಾಗಿ ಇಳಿಯುತ್ತದೆ, ನೊರೆಗೆ ಆಸ್ಪದವಿರುವುದಿಲ್ಲ. ತುಂಬಿದ ನಂತರ ಮೇಲಿನ ಒತ್ತಡವನ್ನು ಎರಡು ಮೂರು ಸೆಕೆಂಡುಗಳ ಕಾಲ ನಿಧಾನವಾಗಿ ಬಿಟ್ಟು, ತಡಮಾಡದೆ ಮುಚ್ಚಳ ಒತ್ತಬೇಕು. ದೊಡ್ಡ ಕಾರ್ಖಾನೆಗಳ ಯಂತ್ರಗಳ ತತ್ವವೂ ಇದೇ ಆಗಿದ್ದು, ಒಂದೆರಡು ಬಾಟಲಿಗಳನ್ನು ತುಂಬುವ ಕೈಚಾಲಿತ ಸಾಧನಗಳೂ ಇದೇ ತತ್ವದ ಮೇಲೆ ಲಭ್ಯವಿವೆ.

ಗೋಲಿ ಬಾಟಲಿಯ ವಿಶೇಷ

ಇಂಗ್ಲೆಂಡಿನ ಹೈರಮ್ ಕಾಡ್ ಎಂಬ ಎಂಜಿನಿಯರ್ 1872ರಲ್ಲಿ ಪೇಟೆಂಟ್ ಪಡೆದ ಗೋಲಿ ಬಾಟಲಿಗೆ ಪ್ರತ್ಯೇಕ ಮುಚ್ಚಳವೇ ಬೇಕಿಲ್ಲ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಕೊರಳಿನಲ್ಲಿರುವ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಬಾಟಲಿಗೆ ನೀರು ಹಾಗೂ ಪಾಕವನ್ನು ಹಾಕಿ, ಯಂತ್ರದ ಪಂಜರದಲ್ಲಿಟ್ಟು, ಅನಿಲವನ್ನು ಹಾಯಿಸುತ್ತಾ ಚಕ್ರವನ್ನು ತಿರುಗಿಸಿದಾಗ ಅನಿಲ ನೀರಿನಲ್ಲಿ ಬೆರೆಯುತ್ತದೆ. ಬಾಟಲಿ ತಲೆಕೆಳಗಾದಾಗ ಗೋಲಿಯು ಉಂಗುರದ ಮೇಲೆ ಬಂದು ಕೂರುತ್ತದೆ.

ಈ ವ್ಯವಸ್ಥೆಯ ದುರ್ಬಲ ಭಾಗವೆಂದರೆ ರಬ್ಬರ್ ಉಂಗುರ. ಬಿಸಿಲು ಮತ್ತು ಕ್ಷಾರದ ನೀರಿನಿಂದ ಅದು ಗಡುಸಾಗಿ ಬಿರುಕು ಬಿಡುತ್ತದೆ. ಉಂಗುರ ಗಡುಸಾದ ಬಾಟಲಿ ಒಂದೆರಡು ದಿನಗಳಲ್ಲಿ ಸಪ್ಪೆಯಾಗುತ್ತದೆ. ಉಗುರಿನಿಂದ ಒತ್ತಿದಾಗ ಗುಳಿ ಬಿದ್ದು ಮತ್ತೆ ಮೇಲೇಳದ ಉಂಗುರವನ್ನು ಆಗಲೇ ಬದಲಿಸಬೇಕು. ಆಹಾರಕ್ಕೆ ಯೋಗ್ಯವಾದ ರಬ್ಬರನ್ನೇ ಬಳಸಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ. ಗೋಲಿಯ ಮೇಲೆ ಚಕ್ಕೆ ಎದ್ದಿದ್ದರೆ ಅದು ಎಷ್ಟೇ ಹೊಸ ಉಂಗುರದ ಮೇಲೂ ಸರಿಯಾಗಿ ಕೂರುವುದಿಲ್ಲ. ಅಂತಹ ಬಾಟಲಿಯನ್ನು ಚಲಾವಣೆಯಿಂದ ತೆಗೆಯುವುದೇ ಲೇಸು.

ಗಂಭೀರ ಅವಘಡಗಳು ಸಂಭವಿಸುವುದು ಪಂಜರದ ಬಾಗಿಲಿನ ವಿಷಯದಲ್ಲಿ. ಅವಸರದಲ್ಲಿ ಬಾಗಿಲು ಹಾಕದೆಯೇ ಚಕ್ರ ತಿರುಗಿಸುವುದು, ಅನಿಲದ ಕವಾಟವನ್ನು ಮುಚ್ಚುವ ಮೊದಲೇ ಬಾಟಲಿಯನ್ನು ಹೊರತೆಗೆಯುವುದು ಹಲವೆಡೆ ರೂಢಿಯಾಗಿಬಿಟ್ಟಿದೆ. ಬಾಗಿಲು ಮುಚ್ಚದಿದ್ದರೆ ಚಕ್ರವೇ ತಿರುಗದಂತೆ ಒಂದು ಕೊಂಡಿಯನ್ನು ಸ್ಥಳೀಯ ಲೇತ್ ಕಾರ್ಯಾಗಾರದಲ್ಲಿಯೇ ಮಾಡಿಸಿ ಜೋಡಿಸಬಹುದು. ಎಚ್ಚರಿಕೆಯ ಮಾತು ಸುಗ್ಗಿಯಲ್ಲಿ ಮರೆತುಹೋಗುತ್ತದೆ, ಕೊಂಡಿ ಮರೆಯುವುದಿಲ್ಲ.

ಕ್ರೌನ್ ಮುಚ್ಚಳದ ದೋಷಗಳು

ಅಮೆರಿಕದ ಬಾಲ್ಟಿಮೋರ್ ನಗರದ ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದ ಕ್ರೌನ್ ಮುಚ್ಚಳಕ್ಕೆ ಮೊದಲು 24 ಹಲ್ಲುಗಳಿದ್ದವು. ಇಂದು ರೂಢಿಯಲ್ಲಿರುವುದು 21 ಹಲ್ಲುಗಳ ಮುಚ್ಚಳ. ಒಳಗಿನ ಬೆಂಡಿನ ಬಿಲ್ಲೆಯ ಜಾಗದಲ್ಲಿ ಈಗ ಪ್ಲಾಸ್ಟಿಕ್ ಪದರವಿದೆ. ಸಾಮಾನ್ಯ ಬಾಟಲಿಗಳಿಗೆ ಹೊಂದುವುದು 26 ಮಿ.ಮೀ. ಅಳತೆಯದು. ವಿದೇಶದಿಂದ ಬಂದ ಕೆಲವು ಹಳೆಯ ಬಾಟಲಿಗಳ ಬಾಯಿ 29 ಮಿ.ಮೀ. ಇರುತ್ತದೆ, ಗುಜರಿಯಿಂದ ಬಾಟಲಿ ಕೊಳ್ಳುವವರು ಇವೆರಡೂ ಬೆರೆಯದಂತೆ ನೋಡಿಕೊಳ್ಳಬೇಕು. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿಗಳ ಬಾಯಿಯಲ್ಲಿ ಸುತ್ತು ಗೆರೆಗಳಿರುವುದರಿಂದ ಕೈಯಂತ್ರದಲ್ಲಿ ಒತ್ತಿದ ಸಾದಾ ಕ್ರೌನ್ ಅವುಗಳ ಮೇಲೆ ನಂಬಿಕೆಯಿಂದ ನಿಲ್ಲುವುದಿಲ್ಲ.

ಮುಚ್ಚಳ ಒತ್ತುವ ಸಲಕರಣೆಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು, ಸುತ್ತಿಗೆಯಿಂದ ಹೊಡೆದು ಕೂರಿಸುವ ಬಟ್ಟಲು. ಇದರ ಬೆಲೆ ಕಡಿಮೆ. ಆದರೆ ಪೆಟ್ಟು ಸ್ವಲ್ಪ ಓರೆಯಾದರೂ ಬಾಟಲಿಯ ಬಾಯಿ ಚಕ್ಕೆ ಏಳುತ್ತದೆ, ಚಕ್ಕೆಯು ಪಾನೀಯದೊಳಗೆ ಬೀಳುವ ಅಪಾಯವೂ ಇದೆ. ಎರಡನೆಯದು, ಎರಡು ಹಿಡಿಗಳಿರುವ ಕೈಯಂತ್ರ. ಇದು ಬಾಟಲಿಯ ಕೊರಳಿನ ಉಬ್ಬನ್ನು ಕಚ್ಚಿ ಹಿಡಿದು ಮುಚ್ಚಳವನ್ನು ಒತ್ತುತ್ತದೆ. ಉಬ್ಬು ಚಿಕ್ಕದಾಗಿದ್ದರೆ ಅಥವಾ ಗಾಜು ತೆಳುವಾಗಿದ್ದರೆ ಕೊರಳೇ ಮುರಿದು ಕೈಗೆ ಗಾಯವಾಗುತ್ತದೆ. ಮೂರನೆಯದು, ಮೇಜಿಗೆ ಬಿಗಿದ ನಿಲುವು ಯಂತ್ರ. ಬಾಟಲಿಯು ಪೀಠದ ಮೇಲೆ ನಿಲ್ಲುತ್ತದೆ. ಸನ್ನೆಗೋಲನ್ನು ಎಳೆದಾಗ ಒತ್ತಡ ನೇರವಾಗಿ ಕೆಳಮುಖವಾಗಿ ಬೀಳುತ್ತದೆ. ಕೊರಳನ್ನು ಹಿಡಿಯುವ ಪ್ರಶ್ನೆಯೇ ಇಲ್ಲ. ದಿನಕ್ಕೆ ನೂರಾರು ಬಾಟಲಿ ತುಂಬುವ ಯಾವುದೇ ಘಟಕವು ಮೊದಲ ಎರಡನ್ನು ಬಿಟ್ಟು ಮೂರನೆಯದಕ್ಕೆ ಬರುವುದು ಲಾಭದಾಯಕ. ಎತ್ತರ ಬೇರೆ ಬೇರೆ ಇರುವ ಬಾಟಲಿಗಳನ್ನು ಬೆರೆಸದೆ ಒಂದೊಂದು ಎತ್ತರದವನ್ನು ಒಟ್ಟಿಗೆ ತುಂಬಿದರೆ ಪದೇ ಪದೇ ಯಂತ್ರವನ್ನು ಸರಿಹೊಂದಿಸುವ ಕೆಲಸ ತಪ್ಪುತ್ತದೆ.

ಮುಚ್ಚಳ ಸರಿಯಾಗಿ ಕೂತಿದೆಯೇ ಎಂಬುದನ್ನು ಕಣ್ಣಳತೆಗೆ ಬಿಡಬಾರದು. ಒತ್ತಿದ ನಂತರ 26 ಮಿ.ಮೀ. ಮುಚ್ಚಳದ ಹೊರ ಅಂಚಿನ ವ್ಯಾಸ ಸಾಮಾನ್ಯವಾಗಿ ಸುಮಾರು 28.6ರಿಂದ 28.9 ಮಿ.ಮೀ. ಒಳಗೆ ಇರಬೇಕು. ಒಂದು ಉಕ್ಕಿನ ತಗಡಿನಲ್ಲಿ ಈ ಎರಡು ಅಳತೆಗಳ ತೂತುಗಳನ್ನು ಕೊರೆಸಿಟ್ಟುಕೊಂಡರೆ ಸಾಕು. ಮುಚ್ಚಳವು ದೊಡ್ಡ ತೂತಿನಲ್ಲಿ ಹಾದುಹೋಗಬೇಕು, ಚಿಕ್ಕದರಲ್ಲಿ ಹೋಗಬಾರದು. ದೊಡ್ಡದರಲ್ಲಿಯೂ ಹೋಗದಿದ್ದರೆ ಮುಚ್ಚಳ ಸಡಿಲವಾಗಿದೆ. ಚಿಕ್ಕದರಲ್ಲಿ ಹೋದರೆ ಅತಿಯಾಗಿ ಬಿಗಿದಿದೆ, ಬಾಟಲಿಯ ಬಾಯಿಗೆ ಅಪಾಯವಿದೆ. ಗಂಟೆಗೊಮ್ಮೆ ನಾಲ್ಕೈದು ಬಾಟಲಿಗಳನ್ನು ಹೀಗೆ ಪರೀಕ್ಷಿಸಿ, ಅವನ್ನೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಬೇಕು. ಅಳತೆ ಒಂದೇ ಸಮನೆ ಸಡಿಲದ ಕಡೆಗೆ ಸರಿಯುತ್ತಿದ್ದರೆ ಒತ್ತುವ ಅಚ್ಚು ಸವೆದಿದೆಯೆಂದು ತಿಳಿಯಬೇಕು. ಒಮ್ಮೆ ತೆಗೆದ ಮುಚ್ಚಳವನ್ನು ಮತ್ತೆ ಬಳಸುವುದು ಉಳಿತಾಯವಲ್ಲ. ಒಂದು ಪೆಟ್ಟಿಗೆ ಸಪ್ಪೆ ಸೋಡಾ ಹಿಂದಿರುಗಿ ಬಂದರೆ ಉಳಿಸಿದ್ದಕ್ಕಿಂತ ಹೆಚ್ಚಿನದು ಹೋಗುತ್ತದೆ.

ಬಾಟಲಿ ತೊಳೆಯುವಾಗ

ಬಾಟಲಿ ದುರ್ಬಲವಾಗುವುದು ಹೆಚ್ಚಾಗಿ ತೊಳೆಯುವ ಹಂತದಲ್ಲಿ. ಬಿಸಿನೀರಿನಿಂದ ತೆಗೆದ ಗಾಜನ್ನು ನೇರವಾಗಿ ತಣ್ಣೀರಿಗೆ ಅದ್ದಿದರೆ ಅದರಲ್ಲಿ ಸೂಕ್ಷ್ಮ ಬಿರುಕುಗಳು ಹುಟ್ಟುತ್ತವೆ. ಎರಡು ತೊಟ್ಟಿಗಳ ನಡುವಿನ ಉಷ್ಣತೆಯ ಅಂತರ 30 ಡಿಗ್ರಿಯನ್ನು ಮೀರದಂತೆ, ಮಧ್ಯದಲ್ಲಿ ಉಗುರುಬೆಚ್ಚಗಿನ ನೀರಿನ ಒಂದು ತೊಟ್ಟಿಯನ್ನು ಇಡುವುದು ಸರಳ ಉಪಾಯ. ಕಾಸ್ಟಿಕ್ ಸೋಡಾ ಬಳಸುವವರು ಅಲ್ಯೂಮಿನಿಯಂ ಪಾತ್ರೆಗಳನ್ನು ದೂರವಿಡಬೇಕು. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ಕೊರೆಯುವುದಲ್ಲದೆ ಬೆಂಕಿ ಹತ್ತಿಕೊಳ್ಳುವ ಜಲಜನಕ ಅನಿಲವನ್ನೂ ಬಿಡುಗಡೆ ಮಾಡುತ್ತದೆ. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕೇ ಹೊರತು ಕಾಸ್ಟಿಕ್ಕಿನ ಮೇಲೆ ನೀರು ಸುರಿಯಬಾರದು.

ತೊಳೆದ ಪ್ರತಿ ಬಾಟಲಿಯನ್ನೂ ಬಿಳಿಯ ದೀಪದ ಮುಂದೆ ಹಿಡಿದು ನೋಡುವ ಒಬ್ಬ ಕೆಲಸಗಾರನನ್ನು ನೇಮಿಸಿದರೆ ಅವನ ಸಂಬಳ ನಷ್ಟವೆನಿಸುವುದಿಲ್ಲ. ಬಾಯಿ ಚಕ್ಕೆ ಎದ್ದದ್ದು, ತಳದಲ್ಲಿ ಗೆರೆ ಬಿದ್ದದ್ದು, ಮೈ ಉಜ್ಜಿ ಬೆಳ್ಳಗಾದದ್ದು — ಇವು ಮೂರನ್ನೂ ಬೇರ್ಪಡಿಸಬೇಕು. ಸೀಮೆಎಣ್ಣೆ, ಫಿನಾಯಿಲ್‌ನಂತಹ ವಾಸನೆಯುಳ್ಳ ಬಾಟಲಿಗಳನ್ನು ತೊಳೆಯಲು ಪ್ರಯತ್ನಿಸದೆ ಒಡೆದು ಹಾಕಬೇಕು.

ಗೃಹ ಬಿಯರ್ ತಯಾರಕರಿಂದ ಕಲಿಯಬಹುದಾದದ್ದು

ಬ್ರಿಟನ್ನಿನಲ್ಲಿ 1963ರಲ್ಲಿ, ಅಮೆರಿಕದಲ್ಲಿ 1978ರ ಕಾನೂನಿನ ಮೂಲಕ, ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ತಯಾರಿಸುವುದಕ್ಕೆ ಇದ್ದ ಅಡ್ಡಿಗಳು ನಿವಾರಣೆಯಾದವು. ನಮ್ಮ ರಾಜ್ಯದಲ್ಲಿ ಅಬಕಾರಿ ಪರವಾನಗಿಯಿಲ್ಲದೆ ಮದ್ಯ ತಯಾರಿಕೆ ಅಪರಾಧವಾದುದರಿಂದ ಅದು ಇಲ್ಲಿ ಅನುಸರಿಸತಕ್ಕ ವಿಷಯವಲ್ಲ. ಆದರೆ ಅಡುಗೆಮನೆಯಲ್ಲಿ ಇಪ್ಪತ್ತು ಲೀಟರ್ ಪಾನೀಯವನ್ನು ಬಾಟಲಿಗಿಳಿಸುವ ಆ ಹವ್ಯಾಸಿಗಳು ಕಂಡುಕೊಂಡ ಕೆಲವು ಉಪಾಯಗಳು, ಅವರು ಅನುಭವಿಸಿದ ಒಂದು ಅವಘಡ ನಮ್ಮವರಿಗೂ ಪಾಠವಾಗಬಲ್ಲವು.

ಉಪಾಯಗಳಲ್ಲಿ ಮುಖ್ಯವಾದುದು ತುದಿಯಲ್ಲಿ ಕವಾಟವಿರುವ ಕೊಳವೆ. ಕೊಳವೆಯ ತುದಿಯನ್ನು ಬಾಟಲಿಯ ತಳಕ್ಕೆ ಒತ್ತಿದಾಗ ಕವಾಟ ತೆರೆದು ಪಾನೀಯ ತಳದಿಂದ ಮೇಲಕ್ಕೆ ತುಂಬುತ್ತದೆ. ಮೇಲಕ್ಕೆತ್ತಿದಾಗ ತಾನಾಗಿಯೇ ನಿಲ್ಲುತ್ತದೆ. ಬಾಟಲಿಯ ಬಾಯಿಯವರೆಗೆ ತುಂಬಿ ಕೊಳವೆಯನ್ನು ಹೊರತೆಗೆದರೆ, ಕೊಳವೆಯು ಆಕ್ರಮಿಸಿದ್ದಷ್ಟು ಜಾಗ ಎಲ್ಲ ಬಾಟಲಿಗಳಲ್ಲಿಯೂ ಒಂದೇ ಸಮನಾಗಿ ಖಾಲಿ ಉಳಿಯುತ್ತದೆ. ಅನಿಲವಿಲ್ಲದ ಶರಬತ್ತು, ಹಣ್ಣಿನ ರಸ ತುಂಬುವ ಘಟಕಗಳಿಗೆ ಇದು ಬಹಳ ಅನುಕೂಲ. ಎರಡನೆಯದು, ಪ್ರತಿ ಬಾಟಲಿಗೂ ಚಮಚದಿಂದ ಸಕ್ಕರೆ ಹಾಕುವ ಬದಲು ಇಡೀ ತೊಟ್ಟಿಗೆ ಒಮ್ಮೆಲೇ ತೂಗಿ ಬೆರೆಸುವ ಪದ್ಧತಿ. ನಮ್ಮ ಗೋಲಿ ಸೋಡಾ ಘಟಕಗಳಲ್ಲಿ ಪಾಕವನ್ನು ಬಾಟಲಿಗೇ ಹಾಕಬೇಕಾಗುವುದರಿಂದ, ಸೌಟಿನ ಅಂದಾಜನ್ನು ಬಿಟ್ಟು ನಿಗದಿತ ಅಳತೆಯ ಪಾತ್ರೆಯನ್ನು ಬಳಸಬಹುದು.

ಅವಘಡವೆಂದರೆ ಹುದುಗುವಿಕೆ ಮುಗಿಯುವ ಮುನ್ನವೇ ಬಾಟಲಿಗೆ ತುಂಬುವುದು. ಬಾಟಲಿಯೊಳಗೆ ಉಳಿದ ಸಕ್ಕರೆಯನ್ನು ಈಸ್ಟ್ ತಿಂದು ಅನಿಲವನ್ನು ಉತ್ಪಾದಿಸುತ್ತಲೇ ಹೋಗುತ್ತದೆ. ಒಂದು ಲೀಟರಿನಲ್ಲಿ ಸುಮಾರು 4 ಗ್ರಾಂ ಸಕ್ಕರೆ ಹುದುಗಿದರೆ ಒಂದು ವಾಲ್ಯೂಮ್ ಅನಿಲ ಉಂಟಾಗುತ್ತದೆ. ಹವ್ಯಾಸಿಗಳು ಇದಕ್ಕಾಗಿ ಲೀಟರಿಗೆ 6 ಗ್ರಾಂ ಆಸುಪಾಸು ಮಾತ್ರ ಸಕ್ಕರೆ ಸೇರಿಸುತ್ತಾರೆ; ಲೆಕ್ಕ ತಪ್ಪಿದರೆ ಕಪಾಟಿನಲ್ಲಿಯೇ ಬಾಟಲಿಗಳು ಒಂದರ ಹಿಂದೆ ಒಂದು ಸಿಡಿಯುತ್ತವೆ. ನಮ್ಮ ಶುಂಠಿ ಸೋಡಾ ಅಥವಾ ಹಣ್ಣಿನ ರಸ ಬೆರೆತ ಸೋಡಾದಲ್ಲಿ ಲೀಟರಿಗೆ ನೂರು ಗ್ರಾಂ ಸಕ್ಕರೆಯಿರುವುದು ಸಾಮಾನ್ಯ. ಹಣ್ಣಿನ ಸಿಪ್ಪೆಯ ಮೂಲಕವೋ ಅಶುಚಿಯಾದ ಕೊಳವೆಯ ಮೂಲಕವೋ ಈಸ್ಟ್ ಒಳಸೇರಿದರೆ ಯಾವ ಗಾಜೂ ತಾಳಲಾರದಷ್ಟು ಅನಿಲಕ್ಕೆ ಬೇಕಾದ ಸಕ್ಕರೆ ಅಲ್ಲಿ ಸಿದ್ಧವಾಗಿರುತ್ತದೆ. ಆದುದರಿಂದ ರಸವನ್ನು ಪಾಶ್ಚರೀಕರಿಸುವುದು, ಅನುಮತಿಸಿದ ಪ್ರಮಾಣದಲ್ಲಿ ಸಂರಕ್ಷಕವನ್ನು ಬಳಸುವುದು, ಕೊಳವೆ ಮತ್ತು ಕವಾಟಗಳನ್ನು ಪ್ರತಿದಿನ ಬಿಚ್ಚಿ ತೊಳೆಯುವುದು ಅನಿವಾರ್ಯ. ಪ್ರತಿ ತಂಡದಿಂದ ಒಂದು ಪೆಟ್ ಬಾಟಲಿಯನ್ನು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದು ವಾರ ಇಟ್ಟು, ದಿನವೂ ಕೈಯಿಂದ ಒತ್ತಿ ನೋಡಿದರೆ ಹುದುಗುವಿಕೆಯ ಸುಳಿವು ಮೊದಲೇ ಸಿಗುತ್ತದೆ. ದಿನದಿಂದ ದಿನಕ್ಕೆ ಬಾಟಲಿ ಗಟ್ಟಿಯಾಗುತ್ತಿದ್ದರೆ ಆ ತಂಡದ ಸರಕನ್ನು ಮಾರಾಟಕ್ಕೆ ಕಳುಹಿಸಕೂಡದು.

ಸಿಲಿಂಡರಿನ ನಿರ್ವಹಣೆ

ಸಿಲಿಂಡರಿನೊಳಗೆ ಇಂಗಾಲದ ಡೈಆಕ್ಸೈಡ್ ದ್ರವರೂಪದಲ್ಲಿರುತ್ತದೆ. 20 ಡಿಗ್ರಿಯಲ್ಲಿ ಅದರ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 57 ಕಿ.ಗ್ರಾಂ. ಇದ್ದರೆ, 30 ಡಿಗ್ರಿಯಲ್ಲಿ 70ನ್ನು ಮೀರುತ್ತದೆ. ರೆಗ್ಯುಲೇಟರ್ ಇಲ್ಲದೆ ಕವಾಟವನ್ನು ಕೈಯಿಂದಲೇ ಸ್ವಲ್ಪ ತೆರೆದು ನೇರವಾಗಿ ಯಂತ್ರಕ್ಕೆ ಅನಿಲ ಹಾಯಿಸುವುದು ಎಷ್ಟು ಅಪಾಯಕಾರಿ ಎಂಬುದು ಈ ಅಂಕಿಗಳಿಂದಲೇ ವೇದ್ಯವಾಗುತ್ತದೆ. ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿ ಸರಪಳಿಯಿಂದ ಗೋಡೆಗೆ ಬಿಗಿಯಬೇಕು. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ವೇಗವಾಗಿ ಅನಿಲ ಸೆಳೆದಾಗ ರೆಗ್ಯುಲೇಟರ್ ಹಿಮಗಟ್ಟಿದರೆ ಬೆಂಕಿ ತೋರಿಸಬಾರದು. ಎರಡು ಸಿಲಿಂಡರುಗಳನ್ನು ಸರದಿಯಲ್ಲಿ ಬಳಸಿದರೆ ಈ ತೊಂದರೆ ತಪ್ಪುತ್ತದೆ. ಯಂತ್ರದ ಸುರಕ್ಷಾ ಕವಾಟ ಸೋರುತ್ತದೆಂದು ಅದಕ್ಕೆ ಬಿರಡೆ ಹಾಕುವುದು ಆತ್ಮಹತ್ಯೆಗೆ ಸಮಾನ.

ಈ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ನೆಲಮಟ್ಟದಲ್ಲಿ ಶೇಖರವಾಗಿ ಉಸಿರುಗಟ್ಟಿಸುತ್ತದೆ. ತುಂಬುವ ಕೊಠಡಿ ನೆಲಮಾಳಿಗೆಯಲ್ಲಿರಬಾರದು. ಗೋಡೆಯ ಕೆಳಭಾಗದಲ್ಲಿಯೂ ಗಾಳಿಕಿಂಡಿಗಳಿರಬೇಕು.

ಒಂದು ಸರಳ ಲೆಕ್ಕ

ದ್ರವ ಉಳಿದಿರುವವರೆಗೆ ಸಿಲಿಂಡರಿನ ಒತ್ತಡ ಇಳಿಯುವುದಿಲ್ಲವಾದ್ದರಿಂದ, ಎಷ್ಟು ಅನಿಲ ಉಳಿದಿದೆಯೆಂಬುದನ್ನು ಮಾಪಕ ಹೇಳಲಾರದು. ತಕ್ಕಡಿ ಮಾತ್ರ ಹೇಳಬಲ್ಲದು. ನಾಲ್ಕು ವಾಲ್ಯೂಮಿನ ಸೋಡಾಕ್ಕೆ ಲೀಟರಿಗೆ ಸುಮಾರು 7.8 ಗ್ರಾಂ ಅನಿಲ ಬೇಕು. 200 ಮಿ.ಲೀ. ಬಾಟಲಿಗೆ ಇದು 1.6 ಗ್ರಾಂ ಆಗುತ್ತದೆ. ಅಂದರೆ ಒಂದು ಕಿಲೋ ಅನಿಲದಿಂದ ಲೆಕ್ಕದ ಪ್ರಕಾರ ಆರು ನೂರಕ್ಕೂ ಹೆಚ್ಚು ಬಾಟಲಿಗಳು ತುಂಬಬೇಕು. ಸ್ವಲ್ಪ ಭಾಗ ವ್ಯರ್ಥವಾಗುವುದು ಸಹಜ. ಆದರೆ ಬೆಳಿಗ್ಗೆ ಮತ್ತು ಸಂಜೆ ಸಿಲಿಂಡರನ್ನು ತೂಗಿ, ತುಂಬಿದ ಬಾಟಲಿಗಳ ಸಂಖ್ಯೆಯೊಂದಿಗೆ ಹೋಲಿಸಿದಾಗ ಕಿಲೋಗೆ ಮುನ್ನೂರೇ ಬಂದಿದ್ದರೆ, ಕೊಂಡ ಅನಿಲದ ಅರ್ಧ ಗಾಳಿಗೆ ಹೋಗಿದೆ ಎಂದರ್ಥ. ಜೋಡಣೆಗಳಿಗೆ ಸಾಬೂನಿನ ನೀರು ಹಚ್ಚಿ ಸೋರಿಕೆಯನ್ನು ಪತ್ತೆಹಚ್ಚುವುದಕ್ಕೆ ಹತ್ತು ನಿಮಿಷ ಸಾಕು.

ಹೊಣೆಗಾರಿಕೆ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ಸರಕಿನಿಂದ ಉಂಟಾದ ಗಾಯಕ್ಕೆ ತಯಾರಕನನ್ನು ಹೊಣೆಗಾರನನ್ನಾಗಿಸುತ್ತದೆ. ಕೆಲವು ಸಂದರ್ಭಗಳಲ್ಲಿ ಮಾರಾಟಗಾರನೂ ಹೊಣೆಯಾಗುತ್ತಾನೆ. ಆದುದರಿಂದ ವರ್ತಕರು ಸಹ ಬಾಟಲಿಗಳನ್ನು ಬಿಸಿಲಿನಲ್ಲಿ ಇಡದಿರುವುದು, ಪೆಟ್ಟಿಗೆಗಳನ್ನು ಎಸೆಯದಿರುವುದು, ಹಳೆಯ ಸರಕನ್ನು ಮೊದಲು ಮಾರುವುದು ತಮ್ಮ ಹಿತದೃಷ್ಟಿಯಿಂದಲೇ ಅವಶ್ಯಕ. ತಯಾರಕರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ನೋಂದಣಿ ಅಥವಾ ಪರವಾನಗಿ ಪಡೆದಿರಬೇಕು. ತಂಡದ ಸಂಖ್ಯೆ ಹಾಗೂ ದಿನಾಂಕಗಳನ್ನು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವು, ದೂರು ಬಂದಾಗ ಇಡೀ ಸರಕಿನ ಬದಲು ಒಂದು ತಂಡವನ್ನು ಮಾತ್ರ ಹಿಂಪಡೆಯಲು ನೆರವಾಗುತ್ತದೆ.

ಮೇಲೆ ಹೇಳಿದ ಕ್ರಮಗಳಲ್ಲಿ ದುಬಾರಿಯಾದುದು ನಿಲುವು ಯಂತ್ರ ಹಾಗೂ ನೀರು ತಣ್ಣಗಾಗಿಸುವ ಸಾಧನ ಮಾತ್ರ. ಅಳತೆಯ ತಗಡು, ಪಂಜರದ ಕೊಂಡಿ, ಬಿಳಿಯ ದೀಪ, ತಕ್ಕಡಿ ಇವೆಲ್ಲ ಊರಿನ ಕಾರ್ಯಾಗಾರದಲ್ಲಿಯೇ, ಪೇಟೆಯಲ್ಲಿಯೇ ದೊರೆಯುವಂಥವು. ಯಾವುದನ್ನು ಮುಂದೂಡಿದರೂ ಒಂದನ್ನು ಮಾತ್ರ ಈ ಬೇಸಿಗೆಗೆ ಮುನ್ನವೇ ಮಾಡತಕ್ಕದ್ದು: ಒತ್ತಡದ ಬಾಟಲಿಯನ್ನು ಮುಟ್ಟುವ ಪ್ರತಿಯೊಬ್ಬ ಕೆಲಸಗಾರನಿಗೂ ಮುಖವನ್ನು ಪೂರ್ತಿ ಮುಚ್ಚುವ ಪಾರದರ್ಶಕ ಕವಚ ಮತ್ತು ದಪ್ಪ ಚರ್ಮದ ಕೈಗವಸು. ಒಡೆದ ಬಾಟಲಿಯ ಜಾಗಕ್ಕೆ ಇನ್ನೊಂದು ಬಾಟಲಿಯನ್ನು ಕೊಳ್ಳಬಹುದು. ಹೋದ ಕಣ್ಣನ್ನು ಯಾವ ಪೇಟೆಯಲ್ಲಿಯೂ ಕೊಳ್ಳಲಾಗದು.